ಅಮಾವಾಸ್ಯೆಗೆ ಮಿಂದ ಪೆಟ್ಟಿಗೆ

ಕಳೆದ ಚಳಿಗಾಲದ ಒಂದು ಅಮಾವಾಸ್ಯೆಯ ದಿನ, ಬೆಳಗಿನ ಹನ್ನೊಂದು ದಾಟಿದ ಹೊತ್ತಿನಲ್ಲಿ, ನಾನು ಸೇಡಂನ ಒಂದು ಹಳೆಯ ಓಣಿಯಲ್ಲಿ ಗುರುಬಸವ್ವನ ಮನೆಯ ಎರಡನೆಯ ಮೆಟ್ಟಿಲ ಮೇಲೆ ನಿಂತಿದ್ದೆ. ಜಾಗವನ್ನು ಇಷ್ಟು ಖಚಿತವಾಗಿ ಹೇಳುವುದಕ್ಕೆ ಕಾರಣವಿದೆ. ಅಲ್ಲಿ ಕಂಡದ್ದನ್ನು ಹೇಳಹೊರಟರೆ ಇಂದಿಗೂ ನನಗೇ ನಂಬಿಕೆ ಬಾರದು. ಕಾಲೂರಿ ನಿಲ್ಲಲು ಒಂದು ಮೆಟ್ಟಿಲಾದರೂ ಬೇಕು.

ಗೆಳೆಯರೇ, ನನ್ನದೊಂದು ಪುಟ್ಟ ಕೇಬಲ್ ಇಂಟರ್ನೆಟ್ ಜಾಲ. ಮಾಳಿಗೆಯಿಂದ ಮಾಳಿಗೆಗೆ ಹಾಯುವ ಕರಿಯ ತಂತಿ, ನಡುನಡುವೆ ಸಿಗ್ನಲ್ಲಿಗೆ ಬಲ ತುಂಬುವ ಪೆಟ್ಟಿಗೆ. ಪೆಟ್ಟಿಗೆಗೆ ಜಾಗವನ್ನೂ ಕರೆಂಟನ್ನೂ ಕೊಟ್ಟ ಮನೆಗೆ ಇಂಟರ್ನೆಟ್ ಪುಕ್ಕಟೆ ಎಂಬುದು ನಮ್ಮಲ್ಲಿಯ ಬಾಯಿಮಾತಿನ ಕರಾರು. ಆ ಓಣಿಯ ಪೆಟ್ಟಿಗೆ ಗುರುಬಸವ್ವನ ಕಟ್ಟೆಯ ಕಂಬದ ಮೇಲಿತ್ತು.

ಅಂದು ಓಣಿಗೆ ಓಣಿಯೇ ಇಂಟರ್ನೆಟ್ ಇಲ್ಲದೆ ಬಂದ್. ಎದುರುಮನೆಯ ಟೇಲರ್ ಕಸ್ತೂರಿ ನನ್ನನ್ನು ಕಂಡು ಓಡಿಬಂದಳು. ಅವಳಿಗೆ ಕಿವಿ ಕೇಳಿಸದು, ಮಾತು ಬಾರದು. ಬಟ್ಟೆಗೆ ಗುರುತು ಹಾಕುವ ಸುಣ್ಣದಿಂದ ಮೆಟ್ಟಿಲ ಫರಶಿಕಲ್ಲಿನ ಮೇಲೆ ಬರೆದಳು: ‘ತಮ್ಮಗ ಆಪರೇಶನ್. ಹನ್ನೆರಡಕ್ಕ ಒಳಗ ಒಯ್ತಾರ. ನನ್ನ ನೋಡದೇ ಹೋಗಲ್ಲ ಅಂತಾನ.’ ಕಲಬುರಗಿಯ ಆಸ್ಪತ್ರೆಯಲ್ಲಿದ್ದ ತಮ್ಮ ಮಲ್ಲಣ್ಣನೂ ಅವಳಂತೆಯೇ, ಇಬ್ಬರದೂ ಕೈಮಾತು. ಅವಳು ಮೊಬೈಲ್ ಹಿಡಿದು ಸಿಗ್ನಲ್ ಹುಡುಕುತ್ತ ಬಸ್‌ಸ್ಟ್ಯಾಂಡಿನವರೆಗೂ ಹೋಗಿಬಂದಿದ್ದಳು. ಅಕ್ಷರ ಬರುತ್ತಿತ್ತು, ವಿಡಿಯೋ ಕರೆಯ ಚಿತ್ರ ಬಂದು ನಿಂತುಬಿಡುತ್ತಿತ್ತು. ಕೈಯಲ್ಲಿ ಮಾತಾಡುವವರಿಗೆ ನಿಂತ ಚಿತ್ರವೆಂದರೆ ಮೌನ.

ತೊಗರಿಕಟ್ಟಿಗೆ ಹೇರಿದ ಟ್ರ್ಯಾಕ್ಟರು ತಂತಿ ಹರಿದಿರಬೇಕೆಂದು ನನ್ನ ಲೈನ್‌ಮನ್ ಇರ್ಫಾನ್ ಮಾಳಿಗೆ ಏರಿದ. ತಂತಿ ಅಖಂಡವಾಗಿತ್ತು. ಆತುರ ಕಾಲನ್ನು ಎಳೆಯುತ್ತಿದ್ದರೂ ನಾನು ಸಿಗ್ನಲ್ ಬರುವ ದಾರಿಯಲ್ಲೇ ಒಂದೊಂದು ಗಂಟು ಮುಟ್ಟುತ್ತ ಬಂದೆ. ಪೆಟ್ಟಿಗೆಯವರೆಗೆ ಜೀವವಿತ್ತು, ಆಚೆಗೆ ಇರಲಿಲ್ಲ. ಪೆಟ್ಟಿಗೆಯ ಬಾಗಿಲು ತೆಗೆದರೆ ಒಳಗೆಲ್ಲ ನೀರಹನಿ. ತಂತಿಯ ತುದಿಗೆ ಬಳಿದ ಹಸಿ ವಿಭೂತಿ!

‘ಏನ್ ಮಾಡ್ದಿ ಆಯಿ ಇದಕ್ಕ?’ ಎಂದು ಕಟ್ಟೆಯ ಮೇಲೆ ಕೂತಿದ್ದ ಮುದುಕಿಯನ್ನು ಕೇಳಿದೆ.

‘ಅಮಾಸಿ ಅದಲ್ಲೋ ಯಪ್ಪಾ!’ ಎಂದಳು ಗುರುಬಸವ್ವ. ‘ಮಂದಿ ಗಾಡಿ, ಗಿರಣಿ ಎಲ್ಲಾ ತೊಳದು ಪೂಜಿ ಮಾಡ್ತಾರ. ನಮ್ಮ ಮನ್ಯಾಗ ದುಡಿಯೋ ಮಶೀನ್ ಇದೊಂದೇ. ಛಂದಂಗ ತೊಳದು ಇಬತ್ತಿ ಹಚ್ಚೀನಿ.’

ಇರ್ಫಾನ್ ಮೇಲಿಂದಲೇ ಕೂಗಿದ: ‘ಪುಣ್ಯಾ, ಎಣ್ಣಿ ಹಚ್ಚಿ ಎರದಿಲ್ಲ! ಕರೆಂಟ್ ಹೊಡದಿದ್ರ ಏನ್ ಮಾಡ್ತಿದ್ದಿ ಆಯಿ?’

‘ಬಟನ್ ಬಂದ್ ಮಾಡೇ ತೊಳದೀನಿ. ನಾ ಏನು ಹುಚ್ಚಿ ಏನೋ? ಇಳದು ಬಾ, ಕೆಲಸ ಮಾಡು.’

ಬಟನ್ ಮತ್ತೆ ಬಂದ್ ಮಾಡಿದೆವು. ನೆನೆದ ತುದಿ ಕತ್ತರಿಸಿ ಇರ್ಫಾನ್ ಹೊಸ ಜ್ಯಾಕ್ ಹಾಕಿದ. ಕಸ್ತೂರಿ ಬಟ್ಟೆಯ ಚೂರುಗಳನ್ನು ಇಸ್ತ್ರಿಯಿಂದ ಕಾಯಿಸಿ ತಂದು ಕೊಡುತ್ತಲೇ ಇದ್ದಳು, ನಾನು ಒಳಗಿನ ಹನಿಗಳನ್ನು ಒತ್ತಿ ಒತ್ತಿ ಹೀರಿಸಿದೆ. ಬಟನ್ ಒತ್ತಿದಾಗ ಹಸಿರು ದೀಪ ಮಿಣುಕಿತು, ನಂದಿತು, ಮತ್ತೆ ಹತ್ತಿ ಗಟ್ಟಿಯಾಗಿ ನಿಂತಿತು.

ಕಸ್ತೂರಿಯ ಮೊಬೈಲಿನಲ್ಲಿ ಮಲ್ಲಣ್ಣನ ಮುಖ ಮೂಡಿತು. ಆಸ್ಪತ್ರೆಯ ಹಸಿರು ಅಂಗಿ, ಅಗಲವಾದ ಕಣ್ಣು. ಮೊಬೈಲನ್ನು ಗುರುಬಸವ್ವನ ಕೈಗಿತ್ತು ಕಸ್ತೂರಿ ಎರಡೂ ಕೈ ಎತ್ತಿದಳು. ಅಷ್ಟು ವೇಗದ, ಅಷ್ಟು ಮಮತೆಯ ಮಾತನ್ನು ನಾನು ಕೇಳಿರಲಿಲ್ಲ, ಕೇಳಿದ್ದು ಕಣ್ಣಿನಿಂದ. ನೆರೆಯಲ್ಲೇ ಬಾಳಿ ಆ ಭಾಷೆ ಬಲ್ಲ ಗುರುಬಸವ್ವ ಮೆಲ್ಲಗೆ ಹೇಳಿದಳು: ‘ನಾ ಇಲ್ಲೇ ಅದೀನಿ, ಹೋಗಿ ಬಾ ಅನ್ಲಿಕತ್ಯಾಳ.’ ಮಲ್ಲಣ್ಣ ಎದೆ ಮುಟ್ಟಿಕೊಂಡು ಕೈ ಎತ್ತಿದ. ಅವನ ಮಂಚ ಒಳಗೆ ಸರಿಯಿತು.

ಇಷ್ಟು ವರ್ಷ ವೇಗ ಮಾರುತ್ತೇನೆಂದುಕೊಂಡಿದ್ದೆ. ಆ ತಂತಿಯಲ್ಲಿ ಒಬ್ಬಳ ದನಿಯೇ ಹರಿಯುತ್ತದೆಂದು ಅಂದು ತಿಳಿಯಿತು. ಪೆಟ್ಟಿಗೆಗೆ ಪೂಜೆ ಸಲ್ಲುವುದರಲ್ಲಿ ತಪ್ಪೇನು, ನೀರೊಂದೇ ತಪ್ಪು. ಈಗ ಅದನ್ನು ಗೋಡೆಯ ಗೂಡಿಗೆ ಸೇರಿಸಿ, ಶಹಾಬಾದಿ ಕಲ್ಲಿನ ಬಾಗಿಲು ಕೂಡಿಸಿದ್ದೇನೆ. ಅಮಾವಾಸ್ಯೆಗೆ ಗುರುಬಸವ್ವ ಕಲ್ಲನ್ನು ತೊಳೆದು ವಿಭೂತಿ ಹಚ್ಚುತ್ತಾಳೆ. ಒಳಗೆ ದೀಪ ಉರಿಯುತ್ತಲೇ ಇರುತ್ತದೆ.

ಇದನ್ನು ನನ್ನೊಡನೆ ಕಂಡವರು ಗುರುಬಸವ್ವ, ಇರ್ಫಾನ್, ಕಸ್ತೂರಿ. ಮೂವರೂ ಇದ್ದಾರೆ. ಆ ಬದಿಯಿಂದ ಕಂಡವನು ಮಲ್ಲಣ್ಣ. ಅವನೂ ಇದ್ದಾನೆ.