ಆಯ್ತು ಟೀಚರ್

ಕಳೆದ ವಾರ ಕೌಲಾಲಂಪುರದ ಬಾಂಗ್ಸಾರಿನ ಒಂದು ಕೆಫೆಯಲ್ಲಿ ಹಳೆಯ ಪಿಯಾನೊದ ಮುಚ್ಚಳ ತೆಗೆದೆ. ನುಸಿಗುಳಿಗೆಯ ವಾಸನೆ ಮೂಗಿಗೆ ಬಡಿಯಿತು. ಈ ಊರಿನ ತೇವಕ್ಕೂ ಹುಳುಗಳಿಗೂ ಹೆದರಿ ಕೆಲವರು ಒಳಗೆ ಅದನ್ನು ಕಟ್ಟಿಡುತ್ತಾರೆ. ನನಗೆ ಮಾತ್ರ ಅದು ಟೀಚರ್ ಪಾಠ ಹೇಳುತ್ತಿದ್ದ ಕೋಣೆಯ ವಾಸನೆ...

ಅವರು ಮಂಗಳೂರಿನವರು. ಚರ್ಚಿನ ಆರ್ಗನ್ನಿನಲ್ಲಿ ಬೆರಳು ಪಳಗಿಸಿ, ದೊಡ್ಡ ವೇದಿಕೆಗಳಲ್ಲಿ ಪಿಯಾನೊ ಕಛೇರಿ ಕೊಟ್ಟು, ಕೊನೆಗೆ ಕೌಲಾಲಂಪುರದಲ್ಲಿ ನೆಲೆಸಿದ್ದರು. ನಾನು ಮೈಸೂರಿನವನು. ಆಗಲೂ ಈಗಲೂ ಹೋಟೆಲ್ ಲಾಬಿಯಲ್ಲಿ ನುಡಿಸಿ ಹೊಟ್ಟೆ ಹೊರೆಯುವವನು. ಅವರು ನನಗೆ ಸಿಕ್ಕಿದ್ದು ವರ್ಷಗಳ ಹಿಂದೆ ಒಂದು ಶಿಬಿರದಲ್ಲಿ. ನಮ್ಮಂಥ ವೃತ್ತಿಯವರನ್ನು ಊರಾಚೆಯ ಬಂಗಲೆಯಲ್ಲಿ ಒಂದು ತಿಂಗಳು ಇರಿಸಿಕೊಂಡು, ಅವರಂಥ ಹಿರಿಯರಿಂದ ತಿದ್ದಿಸುವ ಶಿಬಿರವದು. ಕೊನೆಯ ದಿನ ವೇದಿಕೆಯಲ್ಲಿ ಒಬ್ಬರೇ ಕೂತು ನುಡಿಸುವವರು ಯಾರೆಂದು ಟೀಚರೇ ತೀರ್ಮಾನಿಸುತ್ತಿದ್ದರು. ಆ ಅವಕಾಶ ಸಿಕ್ಕರೆ ಲಾಬಿಯ ಋಣ ತೀರಿತೆಂದು ನಾನು ಲೆಕ್ಕ ಹಾಕಿದ್ದೆ.

ದಿನಾ ಬೆಳಿಗ್ಗೆ ಅವರು ಎಲ್ಲರನ್ನೂ ತಿಂಡಿ ಆಯಿತೇ ಎಂದು ಕೇಳುತ್ತಿದ್ದರು. ನಮ್ಮ ಕಡೆ ಈ ಪ್ರಶ್ನೆಗಿರುವುದು ಒಂದೇ ಉತ್ತರ. ತಿಂದಿರಲಿ, ಬಿಡಲಿ, ಅವರ ಮಾತು ಮುಗಿಯುವ ಮೊದಲೇ "ಆಯ್ತು ಟೀಚರ್" ಎನ್ನುತ್ತಿದ್ದೆ.

ಒಂದು ದಿನ ನಿಧಾನಗತಿಯ ರಚನೆಯೊಂದನ್ನು ನುಡಿಸುತ್ತಿದ್ದೆ. ಅದರಲ್ಲಿ ಎಡಗೈ ಏನೋ ಕೇಳುತ್ತದೆ, ಸ್ವಲ್ಪ ಹೊತ್ತು ಮೌನ, ಆಮೇಲೆ ಬಲಗೈ ಉತ್ತರ ಕೊಡುತ್ತದೆ. ಅವಸರದಲ್ಲಿ ನಾನು ಮೊಟಕು ಮಾಡಿದ್ದ ಆ ಮೌನದಲ್ಲೂ ನನ್ನ ಹೊಟ್ಟೆ ಗುರ್ರೆಂದಿತು. ಎಲ್ಲರೂ ನಕ್ಕರು, ಟೀಚರ್ ನಗಲಿಲ್ಲ.

"ತಿಂಡಿ ಆಯ್ತು ಅಂದಿಯಲ್ಲ ಮಾರಾಯ? ನಿಂದು ಉತ್ತರ ಮೊದ್ಲೇ ರೆಡಿ. ಕೇಳುವವರದ್ದು ಮುಗಿಲಿಕ್ಕೇ ಬಿಡುದಿಲ್ಲ ನೀನು. ನುಡಿಸುದು ಸಹ ಹಾಗೇ."

ಆಮೇಲೆ ಚೀಲದಿಂದ ಒಂದು ಅನ್ನದ ಪೊಟ್ಟಣ ತೆಗೆದು ನನ್ನ ಕೈಗಿಟ್ಟರು. ಯಾರಾದರೂ ತಿಂಡಿ ಆಗಿಲ್ಲವೆಂದರೆ ಕೊಡಲು ದಿನಾ ಒಂದು ಕಟ್ಟಿಸಿಕೊಂಡು ಬರುತ್ತಿದ್ದರಂತೆ. ಯಾರೂ ಹಾಗೆನ್ನದ ಕಾರಣ ಮಧ್ಯಾಹ್ನ ಅದನ್ನು ತಾವೇ ತಿನ್ನುತ್ತಿದ್ದರು. ಇಷ್ಟು ದಿನ ಅವರು ನಿಜವಾಗಿಯೂ ಕೇಳುತ್ತಿದ್ದರು ಎನ್ನುವುದು ನನಗೆ ಹೊಳೆದೇ ಇರಲಿಲ್ಲ.

ಅವಕಾಶ ಪೆನಾಂಗಿನ ಹುಡುಗಿಯೊಬ್ಬಳಿಗೆ ಹೋಯಿತು. "ಈ ಸಲ ಬೇಡ ಲಾ. ಮುಂದಿನ ಸಲ ನೋಡುವ" ಎಂದರು ಟೀಚರ್, ಮಾತಿಗೆ ಈ ಊರಿನವರ 'ಲಾ' ಸೇರಿಸಿ. ನನಗೆ ಸಿಟ್ಟು ಬಂದಿತ್ತು. ಆ ಮೌನವನ್ನು ಮೊಟಕು ಮಾಡದೆ ಪೂರ್ತಿ ಇರಗೊಡಲು ಕಲಿಯುವಷ್ಟರಲ್ಲಿ ವರ್ಷಗಳೇ ಉರುಳಿದವು. ಒಮ್ಮೆ ಹೋಗಿ ನುಡಿಸಿ ತೋರಿಸಬೇಕು ಅಂದುಕೊಳ್ಳುತ್ತಲೇ ಇದ್ದೆ... ಹೋದ ವರ್ಷ ಅವರು ತೀರಿಕೊಂಡ ಸುದ್ದಿ ಫೋನಿಗೆ ಬಂದಾಗ ನಾನು ಲಾಬಿಯಲ್ಲಿದ್ದೆ.

ಕಳೆದ ವಾರ ಆ ಕೆಫೆಯಲ್ಲಿ ಅದೇ ರಚನೆಯನ್ನು ನುಡಿಸಿದೆ. ಎಡಗೈ ಕೇಳಿತು. ಕಾದೆ. ಕಾಫಿ ಬೀಜ ಅರೆಯುವ ಸದ್ದು ಬಂತು, ನಿಂತಿತು. ಆಮೇಲೆ ಬಲಗೈ ಉತ್ತರಿಸಿತು.

ಮುಗಿಸಿ ಎದ್ದಾಗ ಕೆಫೆ ನಡೆಸುವ ತಮಿಳು ಹೆಂಗಸು "ಸಾಪ್ಟೀಂಗಳಾ?" ಎಂದು ಊಟ ವಿಚಾರಿಸಿದರು. ಆಯ್ತು ಎನ್ನಲು ಬಾಯಿ ತೆರೆದವನು ತಡೆದುಕೊಂಡು, ಇನ್ನೂ ಇಲ್ಲ ಎಂದೆ. ಅವರು ತಟ್ಟೆ ತರಲು ಒಳಗೆ ಹೋದರು. ಟೀಚರ್ ಇಲ್ಲವಲ್ಲ ಎಂದು ನನಗೆ ಆಗ ತುಂಬ ಬೇಸರವಾಯಿತು.