ಬಚ್ಚಲ ಮರದ ಕಾಯಿ

ಹೋಟೆಲಿಗೆ ಹೋದರೆ ನಾನು ಮೊದಲು ದೋಸೆ ಮುರಿಯುವುದಿಲ್ಲ. ಬೆರಳ ತುದಿಯನ್ನು ಚಟ್ನಿಗೆ ಅದ್ದಿ ನಾಲಿಗೆಗೆ ಇಟ್ಟುಕೊಳ್ಳುತ್ತೇನೆ. ಜೊತೆಗಿದ್ದವರಿಗೆ ಇದರಿಂದ ಮುಜುಗರವಾಗುತ್ತದೆ ಎಂದು ಗೊತ್ತು. ನನ್ನ ಸೊಸೆಯಂತೂ ಆ ಹೊತ್ತಿಗೆ ಸರಿಯಾಗಿ ಗೋಡೆಯ ಮೇಲಿನ ತಿಂಡಿಗಳ ಪಟ್ಟಿಯನ್ನು ಓದಲು ಶುರು ಮಾಡುತ್ತಾಳೆ. ಕಳೆದ ವಾರ ತುಮಕೂರಿನ ನಮ್ಮ ಬೀದಿಯ ಮೂಲೆಯಲ್ಲಿ ಗಂಡ ಹೆಂಡತಿ ಇಬ್ಬರೇ ಸೇರಿ ತೆರೆದಿರುವ ಪುಟ್ಟ ಹೋಟೆಲಿಗೆ ಒಬ್ಬಳೇ ಹೋಗಿದ್ದೆ. ದೋಸೆ ಚೆನ್ನಾಗಿ ಕೆಂಪಗಾಗಿತ್ತು. ಚಟ್ನಿ ಬೆಳ್ಳಗಿತ್ತು. ನಾಲಿಗೆಗೆ ಇಟ್ಟ ತಕ್ಷಣ ಗೊತ್ತಾಯಿತು, ಕಾಯಿ ಬಲಿತಿಲ್ಲ. ಗಲ್ಲಾದಲ್ಲಿ ಕೂತಿದ್ದ ಗಂಡನನ್ನು ಕರೆಯಲು ಕೈ ಎತ್ತಿದೆ. ಎತ್ತಿದ ಕೈ ಅಲ್ಲೇ ನಿಂತಿತು. ಯಾಕೆ ನಿಂತಿತು ಎಂದು ಹೇಳಬೇಕಾದರೆ ನಿಮ್ಮನ್ನು ತಿಪಟೂರಿಗೆ ಕರೆದುಕೊಂಡು ಹೋಗಬೇಕು, ಅದೂ ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲಕ್ಕೆ. ಬನ್ನಿ, ದೋಸೆ ಆರಿದರೆ ಆರಲಿ.

ಆಗ ನಾನು ತಿಪಟೂರಿನಲ್ಲಿ ಹೆಣ್ಣುಮಕ್ಕಳ ಹಾಸ್ಟೆಲಿನಲ್ಲಿದ್ದುಕೊಂಡು ಕಾಲೇಜು ಓದುತ್ತಿದ್ದೆ. ನಮ್ಮೂರು ಕಂದಿಕೆರೆಯ ಕಡೆ. ಅಪ್ಪ ವರ್ಷದಲ್ಲಿ ನಾಲ್ಕೈದು ಸಲ ಊರಿನ ಇತರರೊಡನೆ ಲಾರಿಯಲ್ಲಿ ಕೊಬ್ಬರಿ ಚೀಲ ಹಾಕಿಸಿಕೊಂಡು ಮಾರುಕಟ್ಟೆಗೆ ಬರುತ್ತಿದ್ದರು. ಕೊಬ್ಬರಿ ಮಾರಿದ ಮೇಲೆ ಹೋಟೆಲಿನಲ್ಲಿ ದೋಸೆ ತಿನ್ನದೆ ಊರಿಗೆ ಮರಳುವುದು ನಮ್ಮ ಸೀಮೆಯಲ್ಲಿ ಅಪಶಕುನಕ್ಕೆ ಸಮ. ಮನೆಯಲ್ಲಿ ಮೂರು ಹೊತ್ತೂ ಮುದ್ದೆ ನುಂಗುವವರು ಅಂದು ಮಾತ್ರ ತಲೆಗೊಂದು ಟವೆಲು ಸುತ್ತಿ, ಬೆಂಚಿನ ಮೇಲೆ ಒತ್ತಿಕೊಂಡು ಕೂತು, ಒಂದರ ಮೇಲೊಂದು ದೋಸೆ ಹೇಳುತ್ತಿದ್ದರು. ನಾನೂ ಹಾಸ್ಟೆಲಿನಿಂದ ಓಡಿಬಂದು ಅವರ ನಡುವೆ ಕೂರುತ್ತಿದ್ದೆ. ಹೆಂಗಸರು ಕೂರಲೆಂದು ಅಲ್ಲೊಂದು ಫ್ಯಾಮಿಲಿ ರೂಮು ಇತ್ತು. ಪರದೆಗೆ ಯಾರ್‍ಯಾರೋ ಕೈ ಒರೆಸಿ ಒರೆಸಿ, ಅದು ಗಾಳಿಗೂ ಅಲುಗಾಡದಷ್ಟು ದಪ್ಪವಾಗಿತ್ತು. ಅದರೊಳಗೆ ಕೂತರೆ ಹೊರಗಿನ ಧಾರಣೆಯ ಮಾತು ಕೇಳಿಸುವುದಿಲ್ಲ ಎಂದು ಅಪ್ಪ ನನ್ನನ್ನು ಗಂಡಸರ ಮಧ್ಯೆಯೇ ಕೂರಿಸಿಕೊಳ್ಳುತ್ತಿದ್ದರು. ಸ್ತ್ರೀ ಸಮಾನತೆಯ ವಿಷಯದಲ್ಲಿ ನನಗೆ ಸಿಕ್ಕ ಮೊದಲ ಪಾಠ ಕೊಬ್ಬರಿ ಧಾರಣೆಯ ಕೃಪೆಯಿಂದ ಸಿಕ್ಕಿತು.

ಹೋಟೆಲು ರಾಯರದು. ಕುಂದಾಪುರದ ಕಡೆಯಿಂದ ಬಂದು ನಮ್ಮವರೇ ಆಗಿಹೋಗಿದ್ದ ತೆಳ್ಳನೆಯ ಮನುಷ್ಯ. ಅವರ ಹೋಟೆಲಿಗೆ ಅಷ್ಟು ಜನ ಸೇರಲು ದೋಸೆ ಎಷ್ಟು ಕಾರಣವೋ ನಮ್ಮಪ್ಪನ ನಾಲಿಗೆಯೂ ಅಷ್ಟೇ ಕಾರಣ ಎಂದರೆ ಉತ್ಪ್ರೇಕ್ಷೆಯಾಗಬಹುದು, ಆದರೂ ಹೇಳಿಬಿಡುತ್ತೇನೆ. ಅಪ್ಪ ಚಟ್ನಿಗೆ ಬೆರಳು ಅದ್ದಿ ರುಚಿ ನೋಡಿ, ಇದು ಕೆರೆಯ ಹಿಂದಿನ ತೋಟದ ಕಾಯಿ, ಇದು ಕೆಂಪುಮಣ್ಣಿನದು, ಇದು ಕೆಡವಿ ಮೂರು ತಿಂಗಳಾಗಿದೆ ಎಂದೆಲ್ಲ ಹೇಳುತ್ತಿದ್ದರು. ರಾಯರು ಗಲ್ಲಾದಿಂದ ಎದ್ದು ಬಂದು ಹೌದು ಎಂದು ತಲೆಯಾಡಿಸುತ್ತಿದ್ದರು. ಬೆಂಚಿನವರು ಮೆಚ್ಚಿ ನಗುತ್ತಿದ್ದರು. ನನಗೋ ಪದವಿ ಸಿಕ್ಕಷ್ಟು ಹೆಮ್ಮೆ.

ಇಲ್ಲಿ ಒಂದು ಗುಟ್ಟು ಹೇಳಬೇಕು. ತೆಂಗಿನ ಸೀಮೆಯವರ ಮನೆಯಲ್ಲಿ ದಿನವೂ ಕಾಯಿ ಚಟ್ನಿ ಇರುತ್ತದೆ ಎಂದು ನೀವು ತಿಳಿದಿದ್ದರೆ ಅದು ತಪ್ಪು. ಕೆಡವಿದ ಕಾಯೆಲ್ಲ ಅಟ್ಟಕ್ಕೆ ಹೋಗುತ್ತಿತ್ತು. ಅಲ್ಲಿ ವರ್ಷವೊಪ್ಪತ್ತು ಕೂತು, ಒಳಗಿನ ನೀರು ಇಂಗಿ, ಕೊಬ್ಬರಿಯಾಗಿ ಇಳಿಯುತ್ತಿತ್ತು. ಅಟ್ಟ ಅಪ್ಪನ ರಾಜ್ಯ. ಅದರಲ್ಲಿ ಒಡಕು ಬಂದದ್ದು, ಮೊಳಕೆ ಬಂದದ್ದು ಮಾತ್ರ ಅಡಿಗೆಮನೆಯ ಪಾಲು. ಅವ್ವನಿಗೆ ತನ್ನದು ಎಂದು ಇದ್ದದ್ದು ಒಂದೇ ಮರ. ಬಚ್ಚಲ ಹಿಂದೆ ತಾನೇ ಸಸಿ ನೆಟ್ಟು, ನಾವೆಲ್ಲ ಮಿಂದ ನೀರನ್ನು ಕಾಲುವೆ ಮಾಡಿ ಹರಿಸಿ ಬೆಳೆಸಿದ ಮರ. ಅಪ್ಪ ತೋಟದ ಮರಗಳನ್ನು ಎಣಿಸುವಾಗ ಅದನ್ನು ಎಂದೂ ಸೇರಿಸುತ್ತಿರಲಿಲ್ಲ. ಅದರ ಕಾಯಿಯಲ್ಲಿ ಹಾಲಿಲ್ಲ, ಬರೀ ಸೋಪಿನ ನೊರೆ ಎಂದು ಹಾಸ್ಯ ಮಾಡುತ್ತಿದ್ದರು. ಅವ್ವ ನಗುತ್ತಿದ್ದಳು, ಆದರೆ ಪೂರ್ತಿ ನಗುತ್ತಿರಲಿಲ್ಲ.

ಎರಡನೆಯ ವರ್ಷದಲ್ಲಿ ನನಗೆ ಜ್ವರ ಬಂತು. ಹಾಸ್ಟೆಲಿನ ಅನ್ನ ಗಂಟಲಲ್ಲಿ ಇಳಿಯದೆ ಮಲಗಿದ್ದಾಗ ಸುದ್ದಿ ಹೇಗೋ ರಾಯರಿಗೆ ಮುಟ್ಟಿ, ಐದು ದಿನ ಎರಡು ಹೊತ್ತು ಗಂಜಿ, ಮೆತ್ತನೆಯ ಇಡ್ಲಿ ಕಳಿಸಿದರು. ಊರಿಗೆ ಹೋದಾಗ ಅವ್ವನಿಗೆ ಇದನ್ನು ಹೇಳಿದೆ. ನಾನು ಹೊರಡುವ ದಿನ ಬೆಳಗಿನ ಜಾವ, ಅಪ್ಪ ಏಳುವ ಮೊದಲೇ, ಪಕ್ಕದ ಮನೆಯವರಿಂದ ಬಚ್ಚಲ ಮರದ ಕಾಯಿ ಕೀಳಿಸಿ ಚೀಲಕ್ಕೆ ತುಂಬಿ ಇಟ್ಟಿದ್ದಳು. ಬಲಿತ ಗೊನೆ ಹಿಂದಿನ ತಿಂಗಳೇ ಮುಗಿದುಹೋಗಿತ್ತು. ಇವು ಇನ್ನೂ ಸ್ವಲ್ಪ ಎಳೆಯವು. ಅದು ಅವಳಿಗೂ ಗೊತ್ತಿತ್ತು.

"ರಾಯ್ರಿಗೆ ಕೊಡು. ಆದ್ರೆ ಈಗ್ಲೇ ಒಡೀಬ್ಯಾಡಿ, ಒಂದ್ ತಿಂಗ್ಳು ಅಟ್ಟದ ಮ್ಯಾಲೆ ಇಟ್ಟು ಆಮ್ಯಾಲೆ ಒಡೀರಿ ಅಂತ ಹೇಳು. ಮರೀಬ್ಯಾಡ ಕಣೇ" ಎಂದು ಬಸ್ಸು ಹತ್ತುವವರೆಗೆ ಮೂರು ಸಲ ಹೇಳಿದಳು.

ನಾನು ಮರೆತೆ. ಮರೆತೆ ಎನ್ನುವುದೂ ಪೂರ್ತಿ ನಿಜವಲ್ಲ. ಚೀಲ ಹೊತ್ತು ಹೋಟೆಲಿಗೆ ಹೋದಾಗ ಅಲ್ಲಿ ನನ್ನ ತರಗತಿಯ ನಾಲ್ವರು ಹುಡುಗರು ಬೈಟು ಕಾಫಿ ಕುಡಿಯುತ್ತಿದ್ದರು. ಅವರೆದುರು ಅಟ್ಟ, ಕಾಯಿ, ಒಂದ್ ತಿಂಗ್ಳು ಎಂದೆಲ್ಲ ಹಳ್ಳಿಯ ಮಾತಾಡಲು ನಾಚಿಕೆಯಾಯಿತು. ಅವ್ವ ಕಳಿಸಿದ್ದು ಎಂದಷ್ಟೇ ಹೇಳಿ, ಚೀಲ ಇಟ್ಟು, ಸೆರಗು ಸರಿಮಾಡಿಕೊಂಡು ಬಂದುಬಿಟ್ಟೆ. ಆಮೇಲೆ ಒಬ್ಬಳೇ ಹೋಗಿ ಹೇಳಿದರಾಯಿತು ಎಂದುಕೊಂಡೆ. ಆ ಆಮೇಲೆ ಬರಲಿಲ್ಲ.

ಮುಂದಿನ ವಾರವೇ ಅಪ್ಪ ಕೊಬ್ಬರಿ ತಂದರು. ಹೋಟೆಲು ತುಂಬಿತ್ತು. ದೋಸೆ ಬಂತು. ಅಪ್ಪ ಬೆರಳು ಅದ್ದಿದರು, ಮುಖ ಕಿವುಚಿದರು.

"ರಾಯ್ರೇ, ಈ ಕಾಯಿ ಎಲ್ಲಿಂದ ತಂದ್ರಿ? ಬಲ್ತೇ ಇಲ್ಲ ಕಣ್ರೀ. ಇಂಥ ಕಾಯಿ ಕೆಡವೋರಿಗೆ ಮರ ಯಾಕ್ ಬೇಕು ಹೇಳಿ. ಕಡಿದಾಕಿ ಕಳ್ಳೆಕಾಯಿ ಬೆಳ್ಕಳ್ಳಿ."

ಬೆಂಚುಗಳೆಲ್ಲ ನಕ್ಕವು. ರಾಯರು ಒಮ್ಮೆ ನನ್ನ ಮುಖ ನೋಡಿದರು. ಎಲ್ಲಿಂದಲೋ ಬಂತು, ನಾಳೆಯಿಂದ ನೋಡಿ ತರುತ್ತೇನೆ ಎಂದು ಮಾತು ತೇಲಿಸಿದರು. ಅಷ್ಟಕ್ಕೇ ಮುಗಿಯಬೇಕಿತ್ತು. ಆದರೆ ಎದುರಿಗೆ ಕೂತಿದ್ದ ಕೆಂಕೆರೆಯವರೊಬ್ಬರು, ಯಾವ ತೋಟದ್ದೋ ಹೇಳು ನೋಡೋಣ ಎಂದು ಅಪ್ಪನನ್ನು ಕೆಣಕಿದರು. ಅಪ್ಪ ಇನ್ನೊಮ್ಮೆ ಬೆರಳು ಅದ್ದಿ ಕಣ್ಣು ಮುಚ್ಚಿದರು.

"ತೋಟದ್ದೇ ಅಲ್ಲ ಇದು" ಎಂದರು. "ಬಚ್ಚಲ ನೀರು ಕುಡ್ದಿರೋ ಮರ. ಗೇಯಕ್ಕಾಗ್ದೇ ಇರೋರ ಮನೇದು."

ನೋಡಿ, ನಾಲಿಗೆ ಎಂಥದ್ದು. ಎಲ್ಲವನ್ನೂ ಸರಿಯಾಗಿ ಹಿಡಿದು, ಮನೆಯನ್ನು ಮಾತ್ರ ಗುರುತಿಸದೆ ಹೋಯಿತು. ಇಪ್ಪತ್ತು ವರ್ಷ ಅಪ್ಪ ತನ್ನ ಬೆನ್ನಿಗೆ ಹೊಯ್ದುಕೊಂಡ ನೀರು ಕುಡಿದೇ ಆ ಮರ ಬೆಳೆದಿತ್ತು. ನಕ್ಕವರು ನಗುತ್ತಲೇ ಇದ್ದರು. ಬೆಳಗಿನ ಜಾವ ಎದ್ದು ದೀಪ ಹಿಡಿದು ಗೊನೆ ತೋರಿಸುತ್ತಾ ನಿಂತಿದ್ದ ಅವ್ವ ನನಗೆ ನೆನಪಾದಳು. ಗಂಡಸರ ಆ ಬೆಂಚಿನಲ್ಲಿ ಅಲ್ಲಿಯವರೆಗೆ ನಾನು ಬಾಯಿ ಬಿಟ್ಟವಳಲ್ಲ.

"ಅಪ್ಪಾ, ಅದು ನಮ್ಮ ಬಚ್ಚಲ ಮರದ್ದೇ. ಅವ್ವ ಕಳ್ಸಿದ್ದು" ಎಂದೆ.

ನಗು ನಿಂತಿತು. ಅಪ್ಪನ ಬೆರಳು ಬಟ್ಟಲ ಮೇಲೆ ಹಾಗೇ ಇತ್ತು. ಆಮೇಲೆ ಬಟ್ಟಲನ್ನು ಹತ್ತಿರ ಎಳೆದುಕೊಂಡು, ದೋಸೆಯ ಒಂದೊಂದೇ ತುಂಡನ್ನು ಅದ್ದಿ ಅದ್ದಿ, ಬಟ್ಟಲನ್ನು ಒರೆಸಿ ಖಾಲಿ ಮಾಡಿದರು. ಇನ್ನೊಂದಿಷ್ಟು ಚಟ್ನಿ ಹಾಕಿ ಎಂದು ರಾಯರನ್ನು ಕೇಳಿ, ಅದನ್ನೂ ತಿಂದರು. ಹೊರಗೆ ಬಂದು ಬಸ್ ಸ್ಟ್ಯಾಂಡಿನ ತನಕ ನಡೆದೆವು. ಅಲ್ಲಿ ನಾನು ಗಂಜಿಯ ಸಂಗತಿ, ಅವ್ವ ಹೇಳಿಕಳಿಸಿದ ಮಾತು, ನಾನು ಅದನ್ನು ಹೇಳದೆ ಬಂದದ್ದು, ಎಲ್ಲವನ್ನೂ ಅಳುತ್ತಾ ಒಪ್ಪಿಸಿದೆ. ಬೈಯುತ್ತಾರೆ ಎಂದುಕೊಂಡಿದ್ದೆ. ನೀನು ಮರೆತದ್ದನ್ನು ಅವ್ವನಿಗೆ ಹೇಳಬೇಡ, ಅವಳು ನೊಂದುಕೊಳ್ಳುತ್ತಾಳೆ ಎಂದರು. ತಾನು ಆಡಿದ ಮಾತಿನ ವಿಷಯ ಎತ್ತಲಿಲ್ಲ.

ಎತ್ತಬೇಕಾಗಿಯೂ ಇರಲಿಲ್ಲ. ಹೋಟೆಲಿನ ಮಾತು ಕೊಬ್ಬರಿ ಲಾರಿಗಿಂತ ಮುಂಚೆ ಊರು ಸೇರುತ್ತದೆ. ನಾನು ಮುಂದಿನ ರಜೆಗೆ ಹೋದಾಗ ಅವ್ವ ಅಪ್ಪನೊಡನೆ ನೇರ ಮಾತು ಬಿಟ್ಟಿದ್ದಳು. ಹೇಳಬೇಕಾದ್ದನ್ನೆಲ್ಲ ಕೊಟ್ಟಿಗೆಯ ಹಸುವಿಗೆ ಹೇಳುತ್ತಿದ್ದಳು. "ಮುದ್ದೆ ಆರೋಗ್ತದೆ ಕಣವ್ವ" ಎಂದು ಹಸುವಿಗೆ ಹೇಳಿದರೆ ಅಪ್ಪ ಎದ್ದು ಕೈ ತೊಳೆಯುತ್ತಿದ್ದರು. ಇದನ್ನು ಕಂಡು ನಗು ಬಂತು. ಬಚ್ಚಲ ಹಿಂದೆ ಹೋದಾಗ ನಗು ಹೋಯಿತು. ಅವ್ವ ಗುದ್ದಲಿ ಹಿಡಿದು ಕಾಲುವೆಯನ್ನು ತಿರುಗಿಸಿ ಬಚ್ಚಲ ನೀರನ್ನು ಬದನೆ ಪಾತಿಗೆ ಬಿಟ್ಟುಬಿಟ್ಟಿದ್ದಳು. ಮರದ ಬುಡ ಒಣಗಿ ಬಿರುಕು ಬಿಟ್ಟಿತ್ತು. ಗೇಯಲಾಗದವರಿಗೆ ಮರ ಯಾಕೆ ಎಂದು ಅವರೇ ಹೇಳಿದ್ದಾರಲ್ಲ ಎಂದಳು. ಆ ಮಾತನ್ನು ಅವಳು ಹಸುವಿಗೆ ಹೇಳಲಿಲ್ಲ, ನನ್ನ ಮುಖ ನೋಡಿಯೇ ಹೇಳಿದಳು. ತಪ್ಪೆಲ್ಲ ನನ್ನದು ಎಂದು ನಾಲಿಗೆಯ ತುದಿಗೆ ಬಂದಿತ್ತು. ಅಪ್ಪನ ಮಾತು ನೆನೆದು, ನಿಜ ಹೇಳಬೇಕೆಂದರೆ ಹೆದರಿಕೆಯಿಂದಲೂ, ಸುಮ್ಮನಾದೆ.

ಮರುದಿನ ಬೆಳಿಗ್ಗೆ ಬೇಗ ಎಚ್ಚರವಾಗಿ ಹಿತ್ತಲಿಗೆ ಹೋದರೆ, ಅಪ್ಪ ಬಾವಿಯಿಂದ ಎರಡು ಕೊಡ ನೀರು ತಂದು ಆ ಮರದ ಬುಡಕ್ಕೆ ಸುರಿಯುತ್ತಿದ್ದರು. ನೂರಾರು ಮರದ ಒಡೆಯ, ಕಳ್ಳನ ಹಾಗೆ ಹಿಂದೆ ಮುಂದೆ ನೋಡುತ್ತಾ. ನನ್ನನ್ನು ಕಂಡು ತುಟಿಯ ಮೇಲೆ ಬೆರಳಿಟ್ಟರು. ದಿನಾ ಹೀಗೇ ಅಂತೆ. ಬುಡದಲ್ಲಿ ಹಸಿ ಕಾಣದಿರಲೆಂದು ಮೇಲೆ ಒಣಗರಿ ಹಾಕಿ ಮುಚ್ಚಿ ಬರುತ್ತಿದ್ದರು.

ಯುಗಾದಿ ಕಳೆದು ತೋಟದ ಕಾಯಿ ಕೀಳಿಸುವಾಗ, ಅಪ್ಪ ಆಳುಗಳನ್ನು ಬಚ್ಚಲ ಮರಕ್ಕೂ ಹತ್ತಿಸಿದರಂತೆ. ತನ್ನ ಕಾಯನ್ನೂ ಅಟ್ಟಕ್ಕೆ ಸೇರಿಸಿಬಿಟ್ಟರು ಎಂದು ಅವ್ವ ಎರಡು ದಿನ ಹಸುವಿನೊಡನೆಯೂ ಮಾತಾಡಲಿಲ್ಲ. ಆಮೇಲೆ ಒಂದು ಸಂತೆಯ ದಿನ ಅಪ್ಪ, ಮಗಳನ್ನು ನೋಡಿಕೊಂಡು ಬರೋಣ ಬಾ ಎಂದು ಅವಳನ್ನು ತಿಪಟೂರಿಗೆ ಕರೆತಂದರು. ಅವ್ವ ಹುಟ್ಟಿದಂದಿನಿಂದ ಹೋಟೆಲಿನ ಮೆಟ್ಟಿಲು ಹತ್ತಿದವಳಲ್ಲ. ಬಾಗಿಲಲ್ಲಿ ಚಪ್ಪಲಿ ಬಿಡಲು ಹೋದಳು. ರಾಯರು ಗೌರವದಿಂದ ಫ್ಯಾಮಿಲಿ ರೂಮಿನ ಪರದೆ ಸರಿಸಿದರು. ಅಪ್ಪ ಬೇಡ ಎಂದು, ಕೆಂಕೆರೆಯವರು ಅಂದೂ ಕೂತಿದ್ದ ಮೇಜಿನಲ್ಲೇ, ಅವರ ಎದುರಿಗೇ ಅವಳನ್ನು ಕೂರಿಸಿದರು. ಅವ್ವ ಸೆರಗನ್ನು ಬಿಗಿಯಾಗಿ ಹೊದ್ದು ತಲೆ ತಗ್ಗಿಸಿ ಕೂತಳು.

ದೋಸೆ ಬಂತು, ಚಟ್ನಿ ಬಂತು. ಅಪ್ಪ ಬೆರಳು ಅದ್ದಲಿಲ್ಲ. ಅವ್ವನ ಕಡೆಗೆ ಬಟ್ಟಲು ಸರಿಸಿದರು. ಅವಳು ಸ್ವಲ್ಪ ಬಾಯಿಗಿಟ್ಟಳು. ಮುಖ ಬಿಚ್ಚಿಕೊಂಡಿತು.

"ಕಾಯಿ ಚೆನ್ನಾಗ್ ಬಲ್ತದೆ. ಯಾರ ತೋಟದ್ದು?" ಎಂದು, ಎಷ್ಟೋ ತಿಂಗಳ ಮೇಲೆ ಅಪ್ಪನ ಮುಖ ನೋಡಿ ಕೇಳಿದಳು.

"ನಿನ್ ಮರದ್ದೇ ಕಣೇ" ಎಂದರು ಅಪ್ಪ. ಬೆಂಚಿನವರಿಗೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದರು. ಆಮೇಲೆ ತಗ್ಗಿದ ದನಿಯಲ್ಲಿ, "ಅವತ್ತು ನಾನಾಡಿದ್ದು ತಪ್ಪು" ಎಂದರು.

ಕಾಯನ್ನು ಅಟ್ಟದ ಒಂದು ಮೂಲೆಯಲ್ಲಿ ಬೇರೆಯಾಗಿ ಒಂದು ತಿಂಗಳು ಇಟ್ಟು, ಹಿಂದಿನ ಲಾರಿಯಲ್ಲಿ ರಾಯರಿಗೆ ಕಳಿಸಿದ್ದರಂತೆ. ಅವ್ವ ಸೆರಗಿನಿಂದ ಕಣ್ಣು ಒರೆಸಿಕೊಂಡು, ಇಡೀ ದೋಸೆ ತಿಂದಳು. ಎದ್ದು ಹೊರಡುವಾಗ ರಾಯರಿಗೆ, ಚಟ್ನಿಗೆ ಉಪ್ಪು ಒಂಚೂರು ಮುಂದಾಗಿದೆ ಎಂದು ಹೇಳಿ ಮೆಟ್ಟಿಲಿಳಿದಳು. ಆ ಸಂಜೆಯೇ ಬಚ್ಚಲ ನೀರು ಮತ್ತೆ ಮರದ ಕಡೆ ತಿರುಗಿತು ಎಂದು ಅಪ್ಪ ಕಾಗದ ಬರೆದಿದ್ದರು.

ನಾನು ಹೇಳದೆ ಉಳಿಸಿಕೊಂಡ ಆ ಒಂದು ಮಾತನ್ನು ಅಪ್ಪ ಕೊನೆಯವರೆಗೂ ಅವ್ವನಿಗೆ ತಿಳಿಸಲಿಲ್ಲ. ನಾನೂ ತಿಳಿಸಲಿಲ್ಲ. ಈಗ ಇಬ್ಬರೂ ಇಲ್ಲ. ಇಷ್ಟು ವರ್ಷ ಊರೂರಿನ ಹೋಟೆಲುಗಳಲ್ಲಿ ಅಪ್ಪನ ಬೆರಳನ್ನಷ್ಟೇ ನಡೆಸಿಕೊಂಡು ಬಂದೆ. ಎಷ್ಟು ಮಂದಿಯ ಚಟ್ನಿಗೆ ಹೆಸರಿಟ್ಟೆನೋ, ಅದರ ಹಿಂದೆ ಯಾರ ಅವ್ವ ಇದ್ದಳೋ.

ಅದಕ್ಕೇ ಎತ್ತಿದ ಕೈ ನಿಂತಿತು. ತುಮಕೂರಿನ ಆ ಪುಟ್ಟ ಹೋಟೆಲಿನಲ್ಲಿ ಗಲ್ಲಾದವನನ್ನು ಕರೆಯದೆ, ಎದ್ದು ಒಳಗಿನ ಬಾಗಿಲಿಗೆ ಹೋದೆ. ಹೆಂಡತಿ ಕಾವಲಿಯ ಮುಂದೆ ನಿಂತಿದ್ದಳು. ಚಟ್ನಿಯ ಕಾಯಿ ಎಲ್ಲಿಯದಮ್ಮ ಎಂದೆ. ಅವಳು ಗಾಬರಿಯಾದಳು.

"ನಮ್ಮಮ್ಮ ಕಳ್ಸಿದ್ದು ಆಂಟಿ, ತುರುವೇಕೆರೆಯಿಂದ. ಹೋಟ್ಲು ಹೊಸದಾಗಿ ಇಟ್ಟಿದೀವಲ್ಲ, ಅದಕ್ಕೇ. ಯಾಕೆ, ಚೆನ್ನಾಗಿಲ್ವಾ?"

ಮೂಲೆಯಲ್ಲಿ ಚೀಲ ಇತ್ತು. ಇನ್ನೂ ಅರ್ಧಕ್ಕಿಂತ ಹೆಚ್ಚು ಕಾಯಿ ಉಳಿದಿದ್ದವು.

"ಚೆನ್ನಾಗದೆ ಕಣಮ್ಮ" ಎಂದೆ. ಎಷ್ಟೋ ವರ್ಷಗಳಿಂದ ಬಾಯಲ್ಲಿಲ್ಲದ ನಮ್ಮೂರ ಮಾತು ತಾನಾಗಿ ಬಂತು. "ಉಳ್ದಿರೋದ್ನ ಈಗ್ಲೇ ಒಡೀಬ್ಯಾಡಿ. ಒಂದ್ ತಿಂಗ್ಳು ಅಟ್ಟದ ಮ್ಯಾಲೆ ಇಟ್ಟು ಆಮ್ಯಾಲೆ ಒಡೀರಿ. ನಮ್ಮವ್ವ ಹೇಳಿಕಳ್ಸಿದ್ಳು."

ಅವಳಿಗೆ ಅರ್ಥವಾಯಿತೋ ಇಲ್ಲವೋ, ತಲೆಯಾಡಿಸಿದಳು. ನಾನು ಮರಳಿ ಬಂದು ಕೂತು, ಆರಿದ ದೋಸೆಗೆ ಇನ್ನೊಂದು ಬಟ್ಟಲು ಚಟ್ನಿ ಹಾಕಿಸಿಕೊಂಡೆ.