ಹಿರೇಕೆರೂರಿನ ಲಾಡ್ಜಿನಲ್ಲಿ ಅಕ್ಕ ಮತ್ತು ನಾನು

ಹಿರೇಕೆರೂರಿನಲ್ಲಿ ನಮ್ಮ ಚಿಕ್ಕಪ್ಪನ ಮಗನ ಮನೆಯಿದೆ. ಹೋದಾಗಲೆಲ್ಲ ನಾವು ಅಲ್ಲೇ ಇಳಿಯುವುದು. ಆದರೆ ಅಕ್ಕನ ಮಗಳಿಗೆ ಆ ಊರಿನ ಬೀಜ-ಗೊಬ್ಬರದ ಅಂಗಡಿಯವರಿಂದ ಸಂಬಂಧ ಬಂದಾಗ, ಈ ಸಲ ಲಾಡ್ಜಿನಲ್ಲಿ ಉಳಿಯೋಣ ಎಂದು ಅಕ್ಕ ಹಟ ಹಿಡಿದಳು. ಹುಡುಗನಿಗೆ ಮೊದಲೊಮ್ಮೆ ನಿಶ್ಚಯವಾಗಿ ಮುರಿದಿತ್ತೆಂದು ನಮ್ಮೂರು ಸವಣೂರಿನಲ್ಲಿ ಯಾರೋ ಅವಳ ಕಿವಿಗೆ ಹಾಕಿದ್ದರು. ಗುಟ್ಟಾಗಿ ವಿಚಾರಿಸಬೇಕಿತ್ತು. ಚಿಕ್ಕಪ್ಪನ ಮಗನ ಮನೆಯಲ್ಲಿ ಇಳಿದರೆ ಅವನ ಹೆಂಡತಿ ಸಂಜೆಯೊಳಗೆ ಊರಿಗೆಲ್ಲ ಹೇಳಿರುತ್ತಿದ್ದಳು.

ಬಸ್ಸಿನಲ್ಲಿ ಕುಳಿತು ಇಬ್ಬರೂ ಅಳೆದು ಸುರಿದು ನೋಡಿದೆವು. ಲಾಡ್ಜಾದರೆ ಯಾರ ಹಂಗೂ ಇಲ್ಲ, ಬೇಕೆಂದಾಗ ಹೋಗಬಹುದು, ಬರಬಹುದು. ಬಸ್‌ಸ್ಟ್ಯಾಂಡ್ ಎದುರಿಗೇ ಇದೆ. ಆದರೆ ಅಗ್ಗದ ಲಾಡ್ಜು. ಐವತ್ತು ದಾಟಿದ ಇಬ್ಬರು ಹೆಂಗಸರು. ಆ ಹಾಸಿಗೆಯ ಮೇಲೆ ಯಾರ‍್ಯಾರು ಮಲಗಿರುತ್ತಾರೋ, ಪಕ್ಕದ ಕೋಣೆಯಲ್ಲಿ ಎಂಥವರಿರುತ್ತಾರೋ. ಅಕ್ಕ ಮನೆಯಿಂದಲೇ ಎರಡು ಚಾದರ, ಒಂದು ಬೀಗ ತಂದಿದ್ದಳು.

ಕೌಂಟರಿನಲ್ಲಿದ್ದ ಮ್ಯಾನೇಜರ್ ವಯಸ್ಸಾದವನು. ಆಧಾರ್ ಕಾರ್ಡನ್ನು ಎರಡು ಸಲ ಓದಿದ. "ಸವಣೂರಿಗೆ ಸಂಜೀಕ ಬಸ್ಸ ಐತಲ್ರಿ. ರೂಮ್ ಯಾಕ ಬೇಕಾತ್ರಿ?"

ಅಬಲೂರಿನ ಗುಡಿ ನೋಡಲು ಬಂದಿದ್ದೇವೆ ಎಂದಳು ಅಕ್ಕ. ಅವನು ಕೂಡಲೇ ತನ್ನ ಪರಿಚಯದ ಆಟೋದವನಿಗೆ ಫೋನ್ ಮಾಡಿದ. ಹೇಳಿದ ಸುಳ್ಳಿಗಾಗಿ ನಾವು ಬಿಸಿಲಲ್ಲಿ ಅಬಲೂರಿಗೆ ಹೋಗಲೇಬೇಕಾಯಿತು. ಗುಡಿಯಲ್ಲಿ ಅಕ್ಕನ ಕಣ್ಣು ಅಲ್ಲಿನ ಹಳೆಯ ಶಾಸನದ ಮೇಲಿರಲಿಲ್ಲ, ಹೊರಗೆ ಫೋನಿನಲ್ಲಿ ಮಾತಾಡುತ್ತಿದ್ದ ಆಟೋದವನ ಮೇಲಿತ್ತು.

ಊರಿಗೆ ಮರಳಿ ಹಿಟ್ಟಿನ ಗಿರಣಿಯಲ್ಲಿ, ಚಹಾದ ಅಂಗಡಿಯಲ್ಲಿ ಹುಡುಗನ ಮನೆಯವರ ಬಗ್ಗೆ ಮೆಲ್ಲಗೆ ಕೇಳಿದೆವು. ಎಲ್ಲರೂ "ಛಲೋ ಮಂದಿ" ಎಂದರೇ ಹೊರತು ಮುಂದೇನೂ ಬಿಚ್ಚಲಿಲ್ಲ. ಎಲ್ಲರೂ ಒಂದೇ ಮಾತು ಹೇಳುತ್ತಾರೆಂದರೆ ಯಾರೋ ಹೇಳಿಕೊಟ್ಟಿದ್ದಾರೆ ಎಂದು ಅಕ್ಕ ತೀರ್ಮಾನಿಸಿದಳು. ಕೋಣೆ ಸ್ವಚ್ಛವಾಗಿತ್ತು, ಅದೂ ಅವಳಿಗೆ ಸರಿಬರಲಿಲ್ಲ. ಕನ್ನಡಿಯ ಹಿಂದೆ ಇಣುಕಿ ನೋಡಿ, ಬಾಗಿಲಿಗೆ ಟೇಬಲ್ ಒತ್ತಿಟ್ಟು ಮಲಗಿದಳು.

ಮರುದಿನ ಬೆಳಿಗ್ಗೆ ಬಾಗಿಲು ಬಡಿದ ಸದ್ದಾಯಿತು. ತೆರೆದರೆ, ಫೋಟೋದಲ್ಲಿ ಕಂಡಿದ್ದ ಹುಡುಗನ ತಾಯಿ, ಕೈಯಲ್ಲಿ ರೊಟ್ಟಿ ಬುತ್ತಿ. ನಾವು ವಿಚಾರಿಸಿದ ಸುದ್ದಿ ಗಿರಣಿಯಿಂದ ಅವರನ್ನು ಮುಟ್ಟಿತ್ತು. ಎಲ್ಲಿ ಇಳಿದಿದ್ದೇವೆಂದು ಹೇಳಿದವನು ಮ್ಯಾನೇಜರ್, ಅವರ ಯಜಮಾನರ ಹಳೆಯ ಗೆಳೆಯ. ಗುಟ್ಟಿಗೆಂದು ಹಿಡಿದ ಕೋಣೆ ಗುಟ್ಟನ್ನೇ ಕಾಯಲಿಲ್ಲವೆಂದು ನನಗೆ ನಾಚಿಕೆಯಾಯಿತು. ಅಕ್ಕನಿಗೆ ಸಿಟ್ಟು ಬಂದಿತ್ತು.

ಅವರು ಮಂಚದ ತುದಿಯಲ್ಲಿ ಕುಳಿತರು. "ಊರ ಮಂದೀನ ಕೇಳೂಕಿಂತ ನನ್ನ ಕೇಳ್ರಿ," ಎಂದರು.

ಅಕ್ಕ ಕೇಳಿಯೇಬಿಟ್ಟಳು. ಅವರು ಅಳುಕದೆ ಹೇಳಿದರು. ಮೊದಲಿನ ಹುಡುಗಿ ಶಿಗ್ಗಾಂವಿಯವಳು. ತನಗೆ ಓದುವುದಿದೆ, ಅಪ್ಪನಿಗೆ ಹೇಳುವ ಧೈರ್ಯವಿಲ್ಲ ಎಂದು ಅವಳೇ ಹುಡುಗನಿಗೆ ಫೋನ್ ಮಾಡಿದ್ದಳು. ಇವನು ತನಗೇ ಇಷ್ಟವಿಲ್ಲವೆಂದು ಹೇಳಿ ಬೈಗುಳ ಉಂಡ. ಈಗ ಆಕೆ ಗೊಟಗೋಡಿಯ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಿದ್ದಾಳೆ, ಬೇಕಾದರೆ ಕೇಳಿ ಎಂದು ಹೆಸರನ್ನೂ ನಂಬರನ್ನೂ ಕೊಟ್ಟರು.

ಅವರು ಹೋದ ಮೇಲೆ ಅಕ್ಕ ಚಾದರ ಮಡಚುತ್ತ ಹೇಳಿದಳು: "ಇಷ್ಟ ಲಗೂ ಕೊಟ್ಳಂದ್ರ ಮೊದಲ ಮಾತಾಡಿ ಇಟ್ಟಾರ. ಫೋನ್ ಮಾಡೂದ ಬ್ಯಾಡ."

ಹೇಳದೆ ಕೇಳದೆ ಗೊಟಗೋಡಿಗೆ ಹೋದೆವು. ಹೆಸರು ಹೇಳಿ ವಿಚಾರಿಸಿದ್ದಕ್ಕೆ ಹುಡುಗಿ ಹಾಸ್ಟೆಲಿನಿಂದ ಹೊರಗೆ ಬಂದಳು. ನಮ್ಮನ್ನು ಮೇಲಿಂದ ಕೆಳಗೆ ನೋಡಿದಳು. ಹಿರೇಕೆರೂರಿನ ಸಂಬಂಧದ ವಿಷಯ ಎಂದು ಅಕ್ಕ ಶುರುಮಾಡುತ್ತಿದ್ದಂತೆ ಅವಳ ಮುಖ ಬಿಳಿಚಿತು.

"ನಮ್ಮ ಅಪ್ಪ ಕಳಿಸ್ಯಾರೇನ್ರಿ?"

ಆ ಹೆದರಿಕೆ ಹೇಳಿಕೊಟ್ಟದ್ದಲ್ಲ. ಅಕ್ಕ ಮತ್ತೇನನ್ನೂ ಕೇಳಲಿಲ್ಲ. ಅವಳ ಭುಜ ಮುಟ್ಟಿ, "ಇಲ್ಲವ್ವ, ನೀ ಓದು," ಎಂದಳು. ತಂದೆಗೆ ಹೇಳಬೇಡಿರೆಂದು ಹುಡುಗಿ ಕೈಮುಗಿದಳು.

ಅಕ್ಕನ ಮಗಳ ಮದುವೆ ಮುಂದಿನ ವೈಶಾಖದಲ್ಲಿ ಆಯಿತು. ಹಳೆಯ ನಿಶ್ಚಯ ಯಾಕೆ ಮುರಿಯಿತೆಂದು ನೆಂಟರು ಈಗಲೂ ಕೇಳುತ್ತಾರೆ. ಹುಡುಗನೇ ಒಲ್ಲೆ ಅಂದಿದ್ದನಂತೆ ಎಂದು ಅಕ್ಕ ಹೇಳುತ್ತಾಳೆ. ನಾನೂ ಹೌದೆನ್ನುತ್ತೇನೆ.